ಮೂಟೆ ಲೆಕ್ಕ

ಪಿಕಪ್ಪನ್ನು ಕ್ಯಾಂಪಿಂಗ್ ಗಾಡಿ ಮಾಡೋ ಆಸೆ. ಅದಕ್ಕೆ ಇವತ್ತು ಅದರ ಹಿಂದಿನ ಲೀಫ್ ಸ್ಪ್ರಿಂಗಿಗೆ, ಅಂದರೆ ಭಾರ ಹೊರೋ ಉಕ್ಕಿನ ಪಟ್ಟಿಗಳ ಕಟ್ಟಿಗೆ, ಒಂದು ಪ್ಲೇಟ್ ಜಾಸ್ತಿ ಹಾಕಿಸಿದೆ.

ಕುಶಾಲನಗರದಿಂದ ಸುಂಟಿಕೊಪ್ಪ ಮುಟ್ಟುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಸ್ಪ್ರಿಂಗ್ ಬಿಗಿ, ಗಾಡಿ ಖಾಲಿ. ಪ್ರತಿ ಹಂಪ್‌ಗೂ ಮೇಕೆಮರಿ ಥರ ಜಿಗಿತ.

ಅಪ್ಪ ಕಣದಲ್ಲಿ ನಿಂತಿದ್ದರು. "ಏನೇನು ಹೇರ್ತೀಯ ಇದರ ಮೇಲೆ?"

ಹೇಳಿದೆ. ಗಾಡಿ ತಲೆ ಮೇಲೆ ಕೂರೋ ರೂಫ್ ಟೆಂಟ್ 60 ಕೆಜಿ. ನೀರು 60 ಲೀಟರ್, ಅಂದರೆ ಅದೂ 60 ಕೆಜಿ. ಎರಡನೇ ಬ್ಯಾಟರಿ, ಪುಟ್ಟ ಫ್ರಿಜ್, ಒಲೆ, ಗ್ಯಾಸ್ ಎಲ್ಲ ಸೇರಿ ಇನ್ನೊಂದು 80.

ಅಪ್ಪ ಬೆರಳು ಮಡಚಿದರು. ನಮ್ಮಲ್ಲಿ ಕಾಫಿ ಮೂಟೆ ಅಂದರೆ 50 ಕೆಜಿ. "ನಾಲ್ಕೇ ಮೂಟೆ! ಅಷ್ಟಕ್ಕೆ ಪ್ಲೇಟ್ ಯಾಕೋ?"

ಇದೇ ಗಾಡಿ ಹಳೇ ಪ್ಲೇಟಲ್ಲೇ ಇಪ್ಪತ್ತು ಮೂಟೆ ಹೊತ್ತಿದೆ. ಕಾಫಿ ಸಂಜೆಗೆ ಇಳಿಯುತ್ತೆ, ಟೆಂಟು ಇಳಿಯಲ್ಲ ಅಂತ ವಾದ ಮಾಡಬಹುದಿತ್ತು. ಆದರೆ ತಿರುವಲ್ಲಿ ಗಾಡಿ ವಾಲೋದು ತಲೆ ಮೇಲಿನ ತೂಕಕ್ಕೆ, ಅದಕ್ಕೆ ಪ್ಲೇಟ್ ಮದ್ದಲ್ಲ. ನೀರಿನ ಟ್ಯಾಂಕನ್ನಾದರೂ ಕೆಳಗೆ, ಹಿಂದಿನ ಆಕ್ಸಲ್‌ಗಿಂತ ಮುಂದಕ್ಕೆ ಕೂರಿಸಬೇಕು. ಇದೆಲ್ಲ ಹಾಕಿಸಿದ ಮೇಲೆ ಹೊಳೆಯೋದು, ಅಲ್ವಾ?

ಸುಮ್ನೆ ನಿಂತೆ. ಅಪ್ಪ ನಾಲ್ಕು ಮೂಟೆ ಗೊಬ್ಬರ ಹಿಂದೆ ಹಾಕಿಸಿ, "ಈಗ ಓಡಿಸು" ಅಂದರು. ಕುಣಿತ ಎಷ್ಟೋ ಕಮ್ಮಿ!

ನಾಳೆ ಆ ಗೊಬ್ಬರ ಮೇಲಿನ ತೋಟಕ್ಕೆ ಇಳಿಸಿ ಬರಬೇಕಂತೆ.