ಗೋವಾದ ಮುಳುಗಿದ ಹಡಗು ನೋಡೋಕೆ ಬೆಳಗಾವಿಯಿಂದ ಹೊರಟವರಿಗೆ

ಬೆಳಗಾವಿಯವರಿಗೆ ಗೋವಾ ಹೊಸದೇನಲ್ಲ. ಶನಿವಾರ ಮಧ್ಯಾಹ್ನ ಗಾಡಿ ತೆಗೆದರೆ ಸಂಜೆಗೆ ಪಣಜಿ. ಕಲಂಗುಟ್, ಬಾಗಾ ಸುತ್ತಿ, ಮೀನಿನ ಊಟ ಮಾಡಿ, ಭಾನುವಾರ ರಾತ್ರಿ ವಾಪಸ್. ಆದರೆ ಅದೇ ಸಮುದ್ರದ ತಳದಲ್ಲಿ ಸುಮಾರು ನಾಲ್ಕು ನೂರು ವರ್ಷ ಹಳೆಯ ಹಡಗಿನ ಅವಶೇಷವೂ ಇದೆ ಅಂತ ಎಷ್ಟು ಜನರಿಗೆ ಗೊತ್ತು? ಅದನ್ನೇ ಮನಸ್ಸಲ್ಲಿಟ್ಟುಕೊಂಡು ಹೋಗಿ ಬಂದೆವು. ಹೋಗಬೇಕು ಅನ್ನುವವರಿಗೆ ನಾನು ಹೇಳೋದು ಇಷ್ಟೇ: ಮೊದಲು ಕಥೆ ತಿಳ್ಕೊಳ್ಳಿ, ಆಮೇಲೆ ನೀರಿಗೆ ಇಳೀರಿ. ಇಲ್ಲದಿದ್ದರೆ ದುಡ್ಡು ಕೊಟ್ಟು ತುಕ್ಕು ನೋಡಿ ಬಂದ ಹಾಗಾಗುತ್ತದೆ.

ದಾರಿಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ಇಳಿದು ಸಾಖಳಿ. ಹೊರಡುವ ಮುಂಚೆ ರಸ್ತೆ ಹೇಗಿದೆ ಅಂತ ಯಾರನ್ನಾದರೂ ಕೇಳಿಕೊಳ್ಳಿ, ಮಳೆಗಾಲ ಮುಗಿದ ಮೇಲಂತೂ ಕೇಳಲೇಬೇಕು. ಗಾಡಿ ಬೇಡ ಅನ್ನುವವರಿಗೆ ಗೋವಾ ಎಕ್ಸ್‌ಪ್ರೆಸ್ ಇದೆ. ಲೋಂಡಾ, ಕ್ಯಾಸಲ್ ರಾಕ್, ದೂಧಸಾಗರ ದಾಟಿ ಸೀದಾ ವಾಸ್ಕೋಗೆ ಬಿಡುತ್ತದೆ. ಹಡಗಿನ ಕೆಲಸ ಎಲ್ಲಾ ವಾಸ್ಕೋ ಕಡೆಗೇ ಇರೋದರಿಂದ ಉತ್ತರ ಗೋವಾದಲ್ಲಿ ರೂಮ್ ಮಾಡಬೇಡಿ. ವಾಸ್ಕೋ ಅಥವಾ ಬೋಗ್ಮಾಲೊದಲ್ಲೇ ಉಳಿಯಿರಿ.

ಮೊದಲ ದಿನ ದೋನಾ ಪಾವ್ಲಾಕ್ಕೆ ಹೋಗಿ. ಜೆಟ್ಟಿಯ ತುದಿಯಲ್ಲಿ ನಿಂತರೆ ಜುವಾರಿ ನದಿಯ ಆಚೆ ದಡದಲ್ಲಿ ಮುರ್ಮುಗೋವಾ ಬಂದರು ಕಾಣುತ್ತದೆ. ಎಲ್ಲರೂ ಅಲ್ಲಿ ಸೆಲ್ಫಿ ತೆಗೆದು ಹೋಗುತ್ತಾರೆ. ನೀವು ಒಂದು ಅರ್ಧ ಗಂಟೆ ನಿಲ್ಲಿ. ಎರಡನೇ ಮಹಾಯುದ್ಧದ ಸಮಯದಲ್ಲಿ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು, ಪೋರ್ಚುಗಲ್ ತಟಸ್ಥ ದೇಶ. ಹಾಗಾಗಿ ಎರೆನ್‌ಫೆಲ್ಸ್, ಡ್ರಾಕೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಅನ್ನೋ ಮೂರು ಜರ್ಮನ್ ಹಡಗು, ಆನ್‌ಫೋರಾ ಅನ್ನೋ ಒಂದು ಇಟಲಿಯ ಹಡಗು ಇದೇ ಬಂದರಿನಲ್ಲಿ ಆಶ್ರಯ ಪಡೆದಿದ್ದವು. ಎರೆನ್‌ಫೆಲ್ಸ್‌ನಲ್ಲಿ ಗುಟ್ಟಾಗಿ ಒಂದು ರೇಡಿಯೋ ಇತ್ತು. ಬ್ರಿಟಿಷ್ ಹಡಗುಗಳು ಎಲ್ಲಿವೆ ಅನ್ನೋ ಸುದ್ದಿ ಅದರಿಂದಲೇ ಜರ್ಮನ್ ಸಬ್‌ಮರೀನ್‌ಗಳಿಗೆ ಹೋಗುತ್ತಿದೆ ಅಂತ ಬ್ರಿಟಿಷರ ಅನುಮಾನ.

ತಟಸ್ಥ ದೇಶದ ಬಂದರಿಗೆ ಸೈನ್ಯ ನುಗ್ಗಿಸೋ ಹಾಗಿಲ್ಲ. ಅದಕ್ಕೆ ಕಲ್ಕತ್ತಾದ ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದ, ಹೆಚ್ಚಾಗಿ ನಡುವಯಸ್ಸು ದಾಟಿದ ಇಂಗ್ಲಿಷರನ್ನು ಆರಿಸಿದರು. ಕಲ್ಕತ್ತಾ ಲೈಟ್ ಹಾರ್ಸ್ ಅನ್ನೋ ಹವ್ಯಾಸಿ ಕುದುರೆ ದಳದವರು ಇವರು. ಹೂಳು ಸಾಗಿಸುವ ಫೀಬಿ ಅನ್ನೋ ದೋಣಿಯಲ್ಲಿ ಬಂದು 1943ರ ಮಾರ್ಚ್ 9ರ ರಾತ್ರಿ ಎರೆನ್‌ಫೆಲ್ಸ್ ಹತ್ತಿದರು. ಹೊಡೆದಾಟದಲ್ಲಿ ಜರ್ಮನ್ ಕ್ಯಾಪ್ಟನ್ ಸತ್ತ. ಹಡಗು ಶತ್ರುವಿನ ಕೈಗೆ ಸಿಗಬಾರದು ಅಂತ ಅದರ ಸಿಬ್ಬಂದಿಯೇ ನೀರು ಬಿಟ್ಟು ಮುಳುಗಿಸಿದರು. ಅದನ್ನು ನೋಡಿ ಉಳಿದ ಮೂರು ಹಡಗಿನವರೂ ತಮ್ಮ ಹಡಗುಗಳನ್ನು ತಾವೇ ಹಾಳುಮಾಡಿಕೊಂಡರು. ಒಂದೇ ರಾತ್ರಿಯಲ್ಲಿ ನಾಲ್ಕು ಹಡಗು! ಈ ಸುದ್ದಿ 1978ರವರೆಗೆ ಗುಟ್ಟಾಗೇ ಇತ್ತು. ಇಷ್ಟು ತಿಳಿದುಕೊಂಡು ಆ ಬಂದರು ನೋಡಿದರೆ ಬೇರೆಯೇ ಅನಿಸುತ್ತದೆ. ಅಂದಹಾಗೆ, ಅದು ಕೆಲಸ ನಡೆಯುವ ಬಂದರು. ಅಲ್ಲಿ ಡೈವಿಂಗ್ ಮಾಡಿಸ್ತೀವಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ದೋನಾ ಪಾವ್ಲಾದಲ್ಲೇ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಗೋವಾದ ನೀರಿನಡಿಯ ಹಡಗುಗಳನ್ನು ಹುಡುಕಿ ದಾಖಲಿಸಿದವರು ಅಲ್ಲಿನ ಸಮುದ್ರ ಪುರಾತತ್ವ ತಂಡದವರು. ಗೋವಾದ ಸಮುದ್ರದೊಳಗಿನ ಸುಂಚಿ ಬಂಡೆಯ ಹತ್ತಿರ ಅವರಿಗೆ ಆನೆ ದಂತ, ನೀರಾನೆಯ ಹಲ್ಲು, ಚೀನಾದ ಪಿಂಗಾಣಿ, ಬಂದೂಕಿನ ನಳಿಕೆ ಸಿಕ್ಕವು. 17ನೇ ಶತಮಾನದ ಶುರುವಿನ ಪೋರ್ಚುಗೀಸ್ ಹಡಗು ಇರಬೇಕು ಅಂತ ಅವರ ಲೆಕ್ಕ. ಆದರೆ ನನಗೆ ಇಷ್ಟವಾಗಿದ್ದು ಸೇಂಟ್ ಜಾರ್ಜ್ ಬಂಡೆಯ ಹಡಗು. ಅಲ್ಲಿ ಚಿನ್ನ ಬೆಳ್ಳಿ ಇಲ್ಲ. ಇದ್ದದ್ದು ಹಂಚು! ಮಣ್ಣಿನ ಹಂಚು, ನೆಲದ ಬಿಲ್ಲೆ, ಕಂಬದ ತಲೆ. ಮೇಲೆ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯ ಹೆಸರು, 1865 ಅನ್ನೋ ಇಸವಿ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಆ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಖಾನಾಪುರ, ಶಹಾಪುರ ಕಡೆಯ ಹಳೆ ಮನೆಗಳ ಮೇಲಿನ ಮಂಗಳೂರು ಹಂಚು ನೋಡಿದ್ದೀರಲ್ವಾ? ಅದೇ ತಳಿಯ ಸರಕು ಹೊತ್ತ ಹಡಗು ಗೋವಾದ ಹತ್ತಿರ ಬಂಡೆಗೆ ಬಡಿದು ಕೂತಿದೆ.

ಹಡಗು ಎಲ್ಲಿ, ಬರೀ ಹಂಚೇ ಯಾಕೆ ಅಂತ ಕೇಳಬಹುದು. ಕಾರಣ ಹುಳ. ನಮ್ಮ ಬೆಚ್ಚಗಿನ ಉಪ್ಪು ನೀರಿನಲ್ಲಿ ಮರ ಕೊರೆಯುವ ಹಡಗುಹುಳ ಇದೆ, ಮರದ ಹಡಗನ್ನು ಅದು ತಿಂದು ಮುಗಿಸುತ್ತದೆ. ಸ್ವೀಡನ್ನಿನ ವಾಸಾ ಹಡಗಿನ ಕಥೆ ಇದಕ್ಕೆ ಪೂರಾ ಉಲ್ಟಾ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಲ್ಲಿ ಮೊದಲ ಸಲ ಹೊರಟು, ಒಂದೂವರೆ ಕಿಲೋಮೀಟರ್ ಕೂಡ ಹೋಗದೆ ಗಾಳಿಗೆ ವಾಲಿ ಮುಳುಗಿತು. ಕೆಳಗಿನ ಫಿರಂಗಿ ಕಿಂಡಿಗಳು ತೆರೆದಿದ್ದವು, ನೀರು ಒಳಗೆ ನುಗ್ಗಿತು. ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಮ್ಮಿ, ಆ ಹುಳ ಬದುಕೋದಿಲ್ಲ. 1961ರಲ್ಲಿ ಎತ್ತಿದಾಗ ಮರದ ಕೆತ್ತನೆ ಸಮೇತ ಹಡಗು ಹಾಗೇ ಇತ್ತು. ಗೋವಾದಲ್ಲಿ ಅಂಥದ್ದನ್ನು ಕಾಯಬೇಡಿ. ಇಲ್ಲಿ ಕಣ್ಣಿಗೆ ಸಿಗೋದು ಕಬ್ಬಿಣದ ಹಡಗುಗಳೇ.

ಎರಡನೇ ದಿನ ಗ್ರಾಂಡೆ ದ್ವೀಪ. ಅದರ ಪಕ್ಕದಲ್ಲಿ ಸೂಜಿಸ್ ರೆಕ್ ಅಂತ ಡೈವಿಂಗ್ ಜಾಗ ಇದೆ. ರೆಕ್ ಅಂದರೆ ಮುಳುಗಿದ ಹಡಗು. ಬ್ರಿಟಿಷರ ಕಾಲದ ಸರಕು ಹಡಗು ಅಂತ ಬೋಟಿನವರು ಹೇಳುತ್ತಾರೆ. ಇಲ್ಲೊಂದು ಎಚ್ಚರ ಬೇಕು. ಬೀಚಿನಲ್ಲಿ ಮಾರುವ ‘ಗ್ರಾಂಡೆ ಐಲ್ಯಾಂಡ್ ಸ್ಕೂಬಾ’ ಟ್ರಿಪ್‌ಗಳಲ್ಲಿ ಹೆಚ್ಚಿನವು ಸುಮ್ನೆ ಕಡಿಮೆ ಆಳದಲ್ಲಿ ಮುಳುಗಿಸಿ, ವಿಡಿಯೋ ಮಾಡಿ ಮೇಲೆ ಎತ್ತುವಂಥವು. ಹಡಗು ಬೇಕಾದರೆ ಬುಕ್ ಮಾಡುವಾಗಲೇ ನೇರವಾಗಿ ಕೇಳಿ: ಹಡಗಿನ ಹತ್ತಿರ ಕರೆದುಕೊಂಡು ಹೋಗ್ತೀರಾ, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ, ಈಜುಕೊಳದಲ್ಲಿ ಅಭ್ಯಾಸ ಮಾಡಿಸ್ತೀರಾ? ಉತ್ತರ ಗೊಣಗಾಟ ಆಗಿದ್ದರೆ ಬೇರೆಯವರನ್ನು ನೋಡಿ. ಹೊಸಬರನ್ನು 12 ಮೀಟರ್‌ಗಿಂತ ಕೆಳಗೆ ಒಯ್ಯುವ ಹಾಗಿಲ್ಲ. ಮೊದಲ ಹಂತದ ಸರ್ಟಿಫಿಕೇಟ್ ಕೋರ್ಸ್ ಮಾಡಿದವರಿಗೆ 18 ಮೀಟರ್. ನೆಗಡಿ ಇದ್ದರೆ ಇಳಿಯಲೇಬೇಡಿ, ಕಿವಿ ಕೈಕೊಡುತ್ತದೆ. ಆಸ್ತಮಾ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳೋದನ್ನು ನೋವು ಶುರುವಾಗುವ ಮುಂಚೆಯೇ ಮಾಡುತ್ತಾ ಇರಿ.

ನೀರು ಅಂಡಮಾನಿನ ಹಾಗೆ ತಿಳಿಯಾಗಿಲ್ಲ. ಹಸಿರು ಮಬ್ಬು, ಕೆಲವು ಮೀಟರ್ ಮಾತ್ರ ಕಾಣುತ್ತದೆ. ನವೆಂಬರಿನಿಂದ ಫೆಬ್ರವರಿ ವಾಸಿ. ಮಬ್ಬಿನೊಳಗಿಂದ ಮೊದಲು ಬಂದದ್ದು ಒಂದು ಕಬ್ಬಿಣದ ತಗಡು. ಮೇಲೆಲ್ಲಾ ಚಿಪ್ಪು ಅಂಟಿಕೊಂಡಿತ್ತು, ಸಂದಿಯಲ್ಲಿ ಪಟ್ಟೆಪಟ್ಟೆ ಮೀನು. ಜೊತೆಗೆ ಬಂದಿದ್ದ ದೋಸ್ತ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವವನು. ತಗಡಿನ ಅಂಚಿನಲ್ಲಿ ಸಾಲಾಗಿದ್ದ ಉಬ್ಬುಗಳನ್ನು ಬೆರಳು ಮಾಡಿ ತೋರಿಸುತ್ತಲೇ ಇದ್ದ. ಬೋಟಿಗೆ ಬಂದು ಮಾಸ್ಕ್ ತೆಗೆದವನೇ, “ಎಲ್ಲೂ ವೆಲ್ಡಿಂಗ್ ಇಲ್ಲಲೇ, ಎಲ್ಲಾ ರಿವೆಟ್ ಐತಿ!” ಅಂದ. ರಿವೆಟ್ ಅಂದರೆ ತಗಡು ಜೋಡಿಸೋಕೆ ಬಡಿದು ಕೂರಿಸುವ ಮೊಳೆ. ಅವನ ಮಾತು ಸರಿ. ವೆಲ್ಡಿಂಗ್ ಹಡಗುಗಳು ಹೆಚ್ಚಾಗಿದ್ದು ಎರಡನೇ ಮಹಾಯುದ್ಧದ ಕಾಲದಿಂದ. ಅದಕ್ಕೂ ಮುಂಚೆ ರಿವೆಟ್ಟೇ. ಟೈಟಾನಿಕ್‌ಗೆ ಹೊಡೆದದ್ದು ಸುಮಾರು 30 ಲಕ್ಷ ರಿವೆಟ್. ನೀವೂ ಕೆಳಗೆ ಹೋದಾಗ ತಗಡಿನ ಅಂಚು ನೋಡಿ. ಮುಟ್ಟಬೇಡಿ, ಚಿಪ್ಪು ಕೈ ಕೊಯ್ಯುತ್ತದೆ. ನೆನಪಿಗೆ ಅಂತ ತುಂಡು ಎತ್ತಿಕೊಂಡೂ ಬರಬೇಡಿ.

ಈಗ ಬೆಳಗಾವಿಯವರು ಮರೆಯಬಾರದ ವಿಷಯ. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ. ಘಾಟ್ ಹತ್ತಬಾರದು ಅಂತ ಯಾರೂ ಹೇಳಲ್ಲ. ಆಳದಲ್ಲಿ ಒತ್ತಡಕ್ಕೆ ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ. ಅದು ಪೂರಾ ಹೊರಗೆ ಹೋಗುವ ಮುಂಚೆ ಎತ್ತರಕ್ಕೆ ಹೋದರೆ, ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ ಏಳಬಹುದು. ಡೈವಿಂಗ್ ನಿಯಮಗಳಲ್ಲಿ ಈ ಲೆಕ್ಕ ಸುಮಾರು 600 ಮೀಟರ್ ಎತ್ತರದಿಂದಲೇ ಶುರು. ನಮ್ಮ ಊರು ಇರೋದೇ 750 ಮೀಟರ್ ಆಸುಪಾಸಿನಲ್ಲಿ! ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಜಾಸ್ತಿ ಆದರೆ 18 ಗಂಟೆ ಕೆಳಗೇ ಇರಬೇಕು. ಕಡಿಮೆ ಆಳದ ಡೈವ್‌ನಲ್ಲಿ ಅಪಾಯ ಕಮ್ಮಿ, ಹಾಗಂತ ನಿಯಮ ಬಿಡಬೇಡಿ. ಹಾಗಾಗಿ ಭಾನುವಾರ ಡೈವ್ ಮಾಡಿ ರಾತ್ರಿಯೇ ಚೋರ್ಲಾ ಹತ್ತುವ ಪ್ಲಾನ್ ಬೇಡ. ಶನಿವಾರ ಬೆಳಿಗ್ಗೆ ಡೈವ್ ಇಟ್ಟುಕೊಳ್ಳಿ, ಭಾನುವಾರ ಮಧ್ಯಾಹ್ನ ಊರಿಗೆ ಹೊರಡಿ. ದೋನಾ ಪಾವ್ಲಾಗೆ ಶುಕ್ರವಾರ ಸಂಜೆಯೇ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈವಿಂಗ್ ಬಂದ್. ಅಕ್ಟೋಬರ್‌ನಲ್ಲೂ ಫೋನ್ ಮಾಡಿ ಕೇಳದೆ ಹೊರಡಬೇಡಿ. ಬೋಟಿನಲ್ಲಿ ವಾಂತಿ ಬರುವವರು ಮಾತ್ರೆ ಬೇಕಾ ಅಂತ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ, ಬೆಳಿಗ್ಗೆ ಎರಡು ಇಡ್ಲಿಗಿಂತ ಜಾಸ್ತಿ ತಿನ್ನಬೇಡಿ. ದಾರಿಗೆ ಅಂತ ತಂದ ಕುಂದಾ ಡಬ್ಬಿ ಡೈವ್ ಆದ ಮೇಲೆ ತೆಗೆಯಿರಿ. ಅಪ್ಪ ಅಮ್ಮ ಜೊತೆಗಿದ್ದರೆ ಅವರನ್ನು ದ್ವೀಪದ ಬೋಟಿಗೆ ಹತ್ತಿಸುವ ಬದಲು ಬೋಗ್ಮಾಲೊದ ನೌಕಾ ವಿಮಾನ ಮ್ಯೂಸಿಯಂಗೆ ಕಳಿಸಿ, ಆರಾಮಾಗಿ ಹೊತ್ತು ಹೋಗುತ್ತದೆ. ವಾರದ ರಜೆ ಯಾವತ್ತು ಅಂತ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.