ಬೀಗ ಒಂದು, ಕೀ ಎರಡು: ಇನ್‌ಸ್ಟಾಲ್‌ನ ಹಿಂದಿನ ದಿನ

3 ವರ್ಷದ ಹಿಂದೆ ನಮ್ಮ ಆಫೀಸಿಗೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್) ಬಡಿದಾಗ ಫೈಲುಗಳ ಜೊತೆ ಬ್ಯಾಕಪ್ಪೂ ಹೋಯಿತು. ಬ್ಯಾಕಪ್ ಸರ್ವರ್ ಇದ್ದದ್ದು ಉಳಿದ ಕಂಪ್ಯೂಟರುಗಳಿದ್ದ ಅದೇ ಡೊಮೇನಿನಲ್ಲಿ, ಅಂದರೆ ಒಂದೇ ಲಾಗಿನ್ ವ್ಯವಸ್ಥೆಯಲ್ಲಿ, ಅದೇ ಅಡ್ಮಿನ್ ಪಾಸ್‌ವರ್ಡಿನಲ್ಲಿ. ಕಳ್ಳನಿಗೆ ಒಂದು ಕೀ ಸಿಕ್ಕಿದ್ದೇ ಸಾಕು, ಮನೆಯೂ ತೆರೆಯಿತು, ಕಪಾಟೂ ತೆರೆಯಿತು. ಆಮೇಲೆ ಎರಡು ತಿಂಗಳು ಹಳೇ ಬಿಲ್ಲುಗಳನ್ನು ಗುಡ್ಡೆ ಹಾಕಿಕೊಂಡು ಒಂದೊಂದೇ ಎಂಟ್ರಿ ಮಾಡಿದವರು ಅಕೌಂಟ್ಸ್‌ನ ಅಕ್ಕ. ಅದನ್ನು ನಾನು ಮರೆತಿಲ್ಲ.

ಈ ಸಲ ಬ್ಯಾಕಪ್ಪಿಗೆ ವೀಮ್ ಕಂಪನಿಯ ಸಾಫ್ಟ್‌ವೇರ್ ಅಪ್ಲಯನ್ಸ್ ಹಾಕುವುದೆಂದು ತೀರ್ಮಾನವಾಯಿತು. ರಾಕಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಮೇಲೆ ಕಟ್ಟಿ, ಬೇಡದ್ದೆಲ್ಲ ತೆಗೆದು, ಭದ್ರತೆಯನ್ನು ಮೊದಲೇ ಬಿಗಿ ಮಾಡಿದ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲು) ಅದು. ಇನ್‌ಸ್ಟಾಲ್ ಶನಿವಾರ. ಶುಕ್ರವಾರ ಪೂರ್ತಿ ತಯಾರಿಗೇ ಇಟ್ಟುಕೊಂಡೆ.

ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನಿಂತ ಮಳೆನೀರು ದಾಟಿ ಆಫೀಸು ಮುಟ್ಟುವಾಗ ಹತ್ತು ಗಂಟೆ. ಐಎಸ್‌ಒ ಕೆಟ್ಟಿಲ್ಲವೆಂದು ತಿಳಿಯಲು ಅದರ ಚೆಕ್‌ಸಮ್ ತಾಳೆ ನೋಡಿದೆ, ಸರಿ ಇತ್ತು. ಸರ್ವರಿನಲ್ಲಿ ಮಾತ್ರ ಎಲ್ಲಾ ಡಿಸ್ಕ್ ಸೇರಿಸಿ ಒಂದೇ ದೊಡ್ಡ ರೇಡ್ (ಹಲವು ಡಿಸ್ಕ್ ಒಂದೇ ಆಗಿ ಕಾಣುವ ಜೋಡಣೆ) ಮಾಡಿಟ್ಟಿದ್ದೆ. ಅಪ್ಲಯನ್ಸಿಗೆ ಕಡಿಮೆಯೆಂದರೂ 240 ಜಿಬಿಯ ಎರಡು ಡಿಸ್ಕ್ ಬೇಕು, ಒಂದು ಸಿಸ್ಟಮ್ಮಿಗೆ, ಇನ್ನೊಂದು ಡೇಟಾಕ್ಕೆ. ಆ ರೇಡ್ ಒಡೆದು ಮತ್ತೆ ಕಟ್ಟುವುದರಲ್ಲಿ ಮಧ್ಯಾಹ್ನವಾಯಿತು.

ಆಮೇಲೆ ಕಣ್ಣಿಗೆ ಬಿದ್ದದ್ದು ಗಡಿಯಾರ. ಪ್ಲಗ್ ತೆಗೆದು ಹಾಕಿದಾಗಲೆಲ್ಲ ಬಯೋಸ್‌ನಲ್ಲಿ (ಸರ್ವರ್ ಆನ್ ಆಗುವಾಗ ಮೊದಲು ಓಡುವ ಪ್ರೋಗ್ರಾಮ್) ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತಿತ್ತು. ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಲಾಗಿನ್‌ಗೆ ಪಾಸ್‌ವರ್ಡಿನ ಜೊತೆ ಫೋನಿನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಯ ಕೋಡ್ ಬೇಕು, ಅದು ಸಮಯದ ಲೆಕ್ಕದಲ್ಲೇ ಹುಟ್ಟುವುದು. ಸರ್ವರಿನ ಗಡಿಯಾರ ತಪ್ಪಿದರೆ ಸರಿಯಾದ ಕೋಡನ್ನೂ ಒಪ್ಪುವುದಿಲ್ಲ, ನಮ್ಮ ಬಾಗಿಲಲ್ಲಿ ನಾವೇ ಹೊರಗೆ. ಮಳೆಯಲ್ಲೇ ಹಂಪನಕಟ್ಟೆಗೆ ಹೋಗಿ ಆ ಗಡಿಯಾರಕ್ಕೆ ಹಾಕುವ ಸಿಆರ್ 2032 ಸೆಲ್ ತಂದೆ. ಹಳೆಯದನ್ನು ಉಗುರಿನಿಂದ ಎಬ್ಬಿಸಿದರೆ ಅಂಚಿನಲ್ಲಿ ತೆಳ್ಳಗೆ ಹಸಿರು ಕಿಲುಬು. ಸಾಲದ್ದಕ್ಕೆ ಸರಿಯಾದ ಸಮಯ ಕೊಡುವ ಟೈಮ್ ಸರ್ವರಿಗೆ ಹೋಗುವ ದಾರಿ, ಯುಡಿಪಿ 123 ಪೋರ್ಟೂ, ನೆಟ್‌ವರ್ಕಿನ ಕಾವಲಾದ ಫೈರ್‌ವಾಲ್‌ನಲ್ಲಿ ಬಂದ್ ಇತ್ತು, ತೆರೆದೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಸೆಕ್ಯುರಿಟಿ ಆಫೀಸರ್ ಯಾರು ಅನ್ನುವ ಪ್ರಶ್ನೆ. ಎಸ್‌ಎಸ್‌ಎಚ್ (ದೂರದಿಂದ ಸರ್ವರಿನ ಒಳಗೆ ಹೋಗುವ ದಾರಿ) ತೆರೆಯುವಂಥ ಅಪಾಯದ ಕೆಲಸಕ್ಕೆ ಅಡ್ಮಿನ್ ಕೇಳಬೇಕು, ಈ ಎರಡನೆಯವರು ಒಪ್ಪಬೇಕು. ಸೆಟಪ್‌ನಲ್ಲಿ ಇದನ್ನು ಬಿಟ್ಟು ಮುಂದೆ ಹೋಗಲೂ ಬರುತ್ತದೆ. ಎರಡೂ ಅಕೌಂಟ್ ನಿನ್ನ ಹತ್ತಿರವೇ ಇರಲಿ, ಸುಮ್ನೆ ಯಾಕೆ ರಗಳೆ ಅಂದರು ಕೆಲವರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಹಳೇ ಕಥೆಯೇ ಅಲ್ವಾ?

ಅಕೌಂಟ್ಸ್ ಅಕ್ಕನನ್ನು ಕೇಳಿದೆ. “ನನಗೆ ಕಂಪ್ಯೂಟರ್ ಎಂತ ಗೊತ್ತುಂಟು ಮಾರಾಯ?” ಅಂದರು. ಗೊತ್ತಿರಬೇಕಾಗಿಲ್ಲ, ನಾನು ಕೇಳಿದಾಗ ಯಾಕೆ ಅಂತ ಕೇಳಿದರೆ ಸಾಕು, ಸರಿ ಕಾಣದಿದ್ದರೆ ಬೇಡ ಅಂದರೆ ಸಾಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಮುಂದೆ ಮಾಡಿದರು. ಕೋಡಿನ ಆಪ್ ಹಾಕಿಕೊಟ್ಟೆ. ಪಾಸ್‌ವರ್ಡ್ 15 ಅಕ್ಷರಕ್ಕೆ ಕಡಿಮೆ ಆಗುವುದಿಲ್ಲ, ಮನೆಯಲ್ಲಿ ಯೋಚಿಸಿ, ನನಗೆ ಹೇಳಬೇಡಿ ಅಂದೆ. ಮೊದಲ ಲಾಗಿನ್‌ನಲ್ಲಿ ಬರುವ ರಿಕವರಿ ಟೋಕನ್ (ಲಾಗಿನ್ ಕೈತಪ್ಪಿದರೆ ವಾಪಸ್ ಪಡೆಯುವ ಗುಟ್ಟಿನ ಕೋಡ್) ಬರೆದಿಡಲು ಒಂದು ಕಂದು ಲಕೋಟೆ ಕೊಟ್ಟೆ. ಲಾಕರ್ ಕೀ ಹೇಗೂ ಅವರ ಹತ್ತಿರವೇ ಇದೆ.

ಹೊರಡುವಾಗ ಛತ್ರಿ ಬಿಡಿಸುತ್ತಾ ತಿರುಗಿ ನಿಂತು, “ನಾಳೆ ಎಷ್ಟು ಗಂಟೆಗೆ ಬರಬೇಕು?” ಅಂತ ಕೇಳಿದರು.