ಎಡಗಡೆಯ ಖಾಲಿ ಪುಟ

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಫೋನ್ ಬಂದ ದಿನವೇ ನಾನು ಊರಿಗೆ ಹೋಗಿ ಅಟ್ಟ ಹತ್ತಿದೆ. ಅಲ್ಲಿ ಹಳೇ ಟ್ರಂಕಿನಲ್ಲಿ 200 ಪುಟದ ಒಂದು ಲಾಂಗ್ ನೋಟ್‌ಬುಕ್ ಇದೆ. ಅದಕ್ಕೆ ಹಾಕಿದ ಬೈಂಡಿನ ಕಾಗದ ಅಂಚಿನಲ್ಲಿ ಪುಡಿಯಾಗುತ್ತಿದೆ. ಚೀಟಿ ಮಾತ್ರ ಗಟ್ಟಿಯಾಗಿದೆ: ಪ್ರಥಮ ಪಿಯುಸಿ, ಇಂಗ್ಲಿಷ್, 2002-03. ಆ ಒಂದು ವರ್ಷ ಇಂಗ್ಲಿಷ್ ಕ್ಲಾಸಿಗೆ ನಾನು ಬರೆದದ್ದೆಲ್ಲ ಅದರಲ್ಲಿದೆ.

ನನ್ನೂರು ತುಮರಿ ಕಡೆ. ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಆಚೆ ದಡ. ಸಾಗರಕ್ಕೆ ಬರಬೇಕೆಂದರೆ ಕಳಸವಳ್ಳಿಯಲ್ಲಿ ಲಾಂಚ್ ಹತ್ತಿ ಅಂಬಾರಗೋಡ್ಲಿಗೆ ದಾಟಬೇಕಿತ್ತು. ಅಲ್ಲಿಂದ ಬಸ್ಸು. ದಿನಾ ಓಡಾಡಲು ಆಗದ ದಾರಿ. ಹಾಗಾಗಿ ನಾನು ಸಾಗರದ ಹಾಸ್ಟೆಲಿನಲ್ಲಿದ್ದೆ, ಶನಿವಾರ ಮಧ್ಯಾಹ್ನ ಮನೆಗೆ ಹೊರಡುತ್ತಿದ್ದೆ.

ಓದಿದ್ದು ಕನ್ನಡ ಮಾಧ್ಯಮ. ಆಗೆಲ್ಲ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ. ಒಂದನೇ ಕ್ಲಾಸಿನಿಂದ ಅದನ್ನು ಕಲಿಸಲು ಹೊರಟಿದ್ದು 2007ರಲ್ಲಿ. ಹೈಸ್ಕೂಲಿನಲ್ಲಿ ನಾವು ಇಂಗ್ಲಿಷ್ ಬರೆಯುತ್ತಿದ್ದೆವು ಅನ್ನುವುದಕ್ಕಿಂತ ಉರು ಹೊಡೆಯುತ್ತಿದ್ದೆವು ಅನ್ನುವುದು ಸರಿ. ಗೈಡಿನಲ್ಲಿದ್ದ ರಜಾ ಅರ್ಜಿ, ಗೈಡಿನಲ್ಲಿದ್ದ ಪ್ರಬಂಧ. ಇಡೀ ಕ್ಲಾಸಿಗೆ ಒಂದೇ ಜ್ವರ, ಒಂದೇ ಅಕ್ಕನ ಮದುವೆ.

ಪಿಯುಸಿಯಲ್ಲಿ ನಮಗೆ ಇಂಗ್ಲಿಷ್ ತೆಗೆದುಕೊಳ್ಳಲು ಬಂದ ಮೇಡಂ ಮೈಸೂರು ಕಡೆಯವರು. (ಹೆಸರು ಬರೆಯಲಾ ಅಂತ ಮೊನ್ನೆ ಫೋನ್ ಮಾಡಿ ಕೇಳಿದೆ. ಬೇಡ ಅಂದರು.) ಕ್ಲಾಸಿನಲ್ಲಿ ನಾವು 64 ಮಂದಿ. ಮೊದಲನೇ ವಾರವೇ ಅವರು ಹೇಳಿದ್ದು ಇಷ್ಟು: ಪ್ರತಿ ಸೋಮವಾರ ಒಂದು ಪುಟ ಬರೆದು ಕೊಡಬೇಕು. ಬಲಗಡೆ ಪುಟದಲ್ಲಿ ಬರೆಯಬೇಕು, ಎಡಗಡೆ ಪುಟ ಖಾಲಿ ಬಿಡಬೇಕು. ಅವರು ಗುರುತು ಹಾಕಿ ಗುರುವಾರ ವಾಪಸ್ ಕೊಡುತ್ತಾರೆ. ಅದೇ ವಿಷಯವನ್ನು ಎಡಗಡೆ ಮತ್ತೆ ಬರೆಯಬೇಕು.

ಮೊದಲ ವಿಷಯ 'ಮೈ ವಿಲೇಜ್'. ಎಲ್ಲರೂ ಕೊಟ್ಟೆವು. ಗುರುವಾರ ಅವರು ಐದಾರು ನೋಟ್‌ಬುಕ್ ತೆಗೆದು, ಹೆಸರು ಹೇಳದೆ ಓದಿದರು. 'ಮೈ ವಿಲೇಜ್ ಈಸ್ ವೆರಿ ಬ್ಯೂಟಿಫುಲ್. ಇಟ್ ಈಸ್ ಸರೌಂಡೆಡ್ ಬೈ ಗ್ರೀನ್ ಟ್ರೀಸ್.' ಓದಿ ಮುಗಿಸಿ, ಯಾವುದು ಯಾರದ್ದು ಹೇಳಿ ಅಂದರು. ಒಬ್ಬರಿಗೂ ಗುರುತು ಸಿಗಲಿಲ್ಲ. ಜೋಗದ ಹತ್ತಿರದಿಂದ ಬಂದವನ ಊರೂ ಅದೇ, ಆನಂದಪುರದವಳ ಊರೂ ಅದೇ, ನನ್ನ ಊರೂ ಅದೇ. ಓದಿದ್ದರಲ್ಲಿ ನನ್ನದೂ ಒಂದಿತ್ತಂತೆ. ಆಮೇಲೆ ನೋಡಿದರೆ ಪುಟದ ಕೆಳಗೆ ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ ಇತ್ತು. 'ನಿನ್ನ ಊರಿಗೆ ನಾನು ಹೇಗೆ ಬರಬೇಕು?'

ಆ ಪ್ರಶ್ನೆಗೆ ಉತ್ತರ ಬರೆಯಲು ಕೂತಾಗಲೇ ನನಗೆ ಲಾಂಚ್ ನೆನಪಾದದ್ದು. ಊರಿನ ಬಗ್ಗೆ ಒಂದು ಪುಟ ಬರೆದು ಅದರಲ್ಲಿ ಲಾಂಚ್ ಬಿಟ್ಟಿದ್ದೆ. ನೀರೇ ಇರಲಿಲ್ಲ ಅದರಲ್ಲಿ! ಗೈಡಿನ ಊರಿನಲ್ಲಿ ಲಾಂಚ್ ಇರುವುದಿಲ್ಲವಲ್ಲ.

ಮೇಡಂ ಎಲ್ಲ ತಪ್ಪಿಗೂ ಗುರುತು ಹಾಕುತ್ತಿರಲಿಲ್ಲ. ಒಂದು ತಿಂಗಳು ಒಂದೇ ಬಗೆಯ ತಪ್ಪು. ಕೆಂಪು ಇಂಕು ಮುಟ್ಟುತ್ತಿರಲಿಲ್ಲ, ಬರೀ ಪೆನ್ಸಿಲ್. ಜುಲೈ ತಿಂಗಳು ಪೂರ್ತಿ 'ಎ' ಮತ್ತು 'ದಿ' ಮಾತ್ರ. ಕನ್ನಡದಲ್ಲಿ ಈ ತೊಂದರೆಯೇ ಇಲ್ಲ, ಅಲ್ವಾ? 'ಲಾಂಚ್ ಬಂತು' ಅಂದರೆ ಮುಗಿಯಿತು. ನಾನು 'ಎ ಲಾಂಚ್ ಕೇಮ್' ಅಂತ ಬರೆದಿದ್ದೆ. ಮೇಡಂ ಬೆಂಚಿನ ಹತ್ತಿರ ಬಂದು ಕೇಳಿದರು. "ದಡದಲ್ಲಿ ಕೂತು ನೀನು ಕಾಯ್ತಾ ಇದ್ದದ್ದು ಯಾವುದೋ ಒಂದು ಲಾಂಚಿಗಾ, ಅಥವಾ ಬರಬೇಕಾದ ಆ ಲಾಂಚಿಗಾ?" ಬರಬೇಕಾದ ಲಾಂಚಿಗೆ. ಅದು ತಪ್ಪಿದರೆ ಮನೆ ತಲುಪುವುದು ಕತ್ತಲಾದ ಮೇಲೆ. ಕಡೇ ಲಾಂಚೂ ತಪ್ಪಿದರೆ ಆ ರಾತ್ರಿ ಈಚೆ ದಡದಲ್ಲೇ. 'ದಿ' ಅಂದರೆ ಏನು ಅನ್ನುವುದು ಆ ಕ್ಷಣಕ್ಕೆ ನನಗೆ ತಿಳಿಯಿತು. ವ್ಯಾಕರಣದ ಪುಸ್ತಕದ ಎಷ್ಟೋ ನಿಯಮ ಮರೆತಿದ್ದೇನೆ. ಇದು ಮರೆತಿಲ್ಲ.

ಇನ್ನೊಂದು ಪುಟದಲ್ಲಿ ನನ್ನ ಶನಿವಾರದ ಪ್ರಯಾಣವಿದೆ. ಒಂದೇ ವಾಕ್ಯದಲ್ಲಿ ಒಂಬತ್ತು 'ಆ್ಯಂಡ್'. ಮೇಡಂ ಅದನ್ನು ಕನ್ನಡದಲ್ಲಿ ಹೇಳು ಅಂದರು. ನಾನು ಎದ್ದು ನಿಂತು ಹೇಳಿದೆ. "ಬಸ್ ಇಳಿದು, ದಡಕ್ಕೆ ಓಡಿ, ಲಾಂಚ್ ಹತ್ತಿ, ಆಚೆ ಇಳಿದು, ಗುಡ್ಡ ಹತ್ತಿ, ತೋಟ ದಾಟಿ, ಮನೆ ಸೇರಿ, ಕಾಲು ತೊಳೆದು, ಒಳಗೆ ಹೋದೆ." ಮೇಡಂ ನಕ್ಕರು. "ಎಷ್ಟು ಚಂದದ ವಾಕ್ಯ! ಕನ್ನಡದಲ್ಲಿ ಇದನ್ನು ಮುಟ್ಟಬೇಡ" ಅಂದರು. ಕನ್ನಡ ಹೀಗೆ ಮಣಿ ಪೋಣಿಸಿದ ಹಾಗೆ ಹೋಗುತ್ತದೆ, ಕ್ರಿಯಾಪದ ಕೊನೆಯಲ್ಲಿ ಬಂದು ಗಂಟು ಹಾಕುತ್ತದೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದರು. ಇಂಗ್ಲಿಷಿಗೆ ಬಂದಾಗ ದಾರವನ್ನು ಕತ್ತರಿಸಲೇಬೇಕು. ಎಲ್ಲಿ ಕತ್ತರಿಸುವುದು? ಯಾವ ಕೆಲಸ ನಿನಗೆ ಮುಖ್ಯವೋ ಅದಕ್ಕೆ ಒಂದು ಸ್ವಂತ ವಾಕ್ಯ ಕೊಡು ಅಂದರು. ಎಡಗಡೆ ಪುಟದಲ್ಲಿ ನಾನು 'ಐ ರ‍್ಯಾನ್' ಅಂತ ಎರಡೇ ಪದದ ವಾಕ್ಯ ಬರೆದೆ. ಅದರ ಪಕ್ಕ ಪೆನ್ಸಿಲಿನ ಸಣ್ಣ ಟಿಕ್ ಇದೆ, ಇವತ್ತಿಗೂ ಕಾಣುತ್ತದೆ.

ನಮ್ಮ ಕನ್ನಡ ತಪ್ಪು ಅಂತ ಅವರು ಒಂದು ದಿನವೂ ಅನ್ನಲಿಲ್ಲ. ಇದು ನನಗೆ ಬಹಳ ದೊಡ್ಡದು. ಅಡಿಕೆ ಮರದ ಸೋಗೆ, ಹಾಳೆ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ, ಜಗುಲಿ, ಕಟ್ಟೆ ಇವಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯುವುದು ಅಂತ ಒದ್ದಾಡುತ್ತಿದ್ದೆವು. ಹಾಗೇ ಬರೆಯಿರಿ, ಮುಂದಿನ ವಾಕ್ಯದಲ್ಲಿ ಅದು ಏನು, ಯಾರು ಬಳಸುತ್ತಾರೆ ಹೇಳಿಬಿಡಿ, ಓದುವವರಿಗೆ ಅಷ್ಟು ಸಾಕು ಅನ್ನುತ್ತಿದ್ದರು. ಕೊನೆಗೌಡ ಮರದಿಂದ ಮರಕ್ಕೆ ಹೇಗೆ ಹೋಗುತ್ತಾನೆ ಅಂತ ಗೆಳೆಯನೊಬ್ಬ ಒಂದೂವರೆ ಪುಟ ಬರೆದಿದ್ದ. ಅಡಿಕೆ ಮರ ಬಾಗಿಸಿ ಪಕ್ಕದ ಮರ ಹಿಡಿಯುವ ಆ ಕ್ಷಣ ಅದರಲ್ಲಿ ಹಾಗೇ ಕಣ್ಣಿಗೆ ಕಟ್ಟುತ್ತಿತ್ತು. ಅವನು ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಜಾಸ್ತಿ ಅಂಕ ತೆಗೆದವನಲ್ಲ. ಆದರೆ ನಮ್ಮ ಕ್ಲಾಸಿನ ಅತಿ ಒಳ್ಳೆಯ ಪುಟ ಅದೇ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆ ವರ್ಷ ಮಳೆ ಕೈಕೊಟ್ಟಿತ್ತು. 2002ರ ಜುಲೈ ದೇಶಕ್ಕೆಲ್ಲ ಒಣ ಜುಲೈ. ಲಿಂಗನಮಕ್ಕಿ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಪೇಪರಿನಲ್ಲಿ ದಿನಾ ಬರುವ ಜಲಾಶಯದ ಮಟ್ಟವನ್ನು ನಮ್ಮ ಕಡೆಯವರು ಪಂಚಾಂಗ ನೋಡಿದ ಹಾಗೆ ನೋಡುತ್ತಾರೆ. ಆ ಸಲ ಅಂಕಿ ಮೇಲೇರಲೇ ಇಲ್ಲ. ಚಳಿ ಮುಗಿಯುವ ಹೊತ್ತಿಗೆ ದಡ ದೂರ ದೂರ ಸರಿದು, ಕೆಂಪು ಮಣ್ಣು, ಒಣಗಿದ ಮರದ ಬೊಡ್ಡೆಗಳು ಕಾಣಲು ಶುರುವಾದವು. ಆಗಲೇ ಮೇಡಂ ಕೊಟ್ಟ ವಿಷಯ: ಈಗ ಇಲ್ಲದ ಒಂದು ಜಾಗ.

ನಾನು ಅಜ್ಜನ ಮನೆ ಬರೆದೆ. 'ಅವರ್ ಓಲ್ಡ್ ಹೌಸ್ ಡ್ರೌನ್ಡ್ ಇನ್ 1964.' ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ ಅದು. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಅದೇ ಮಾತು. ಮುಳುಗಡೆ ಆಯ್ತು. ಅದನ್ನೇ ಇಂಗ್ಲಿಷಿಗೆ ತಂದಿದ್ದೆ. ಗುರುವಾರ ಪುಟ ತೆರೆದರೆ 'ಡ್ರೌನ್ಡ್' ಪದದ ಸುತ್ತ ಪೆನ್ಸಿಲಿನ ವೃತ್ತ. ಪಕ್ಕದಲ್ಲಿ ಕನ್ನಡದಲ್ಲೇ ಬರೆದಿದ್ದರು: 'ಮುಳುಗಿತೇ? ಮುಳುಗಿಸಿದರೇ? ಯಾರು? ಯಾಕೆ?'

ಪ್ಯಾಸಿವ್ ವಾಯ್ಸ್ ನಮಗೆ ಆಗಲೇ ಪಾಠ ಆಗಿತ್ತು. ರಾಮ ಮಾವಿನ ಹಣ್ಣು ತಿಂದ, ಮಾವಿನ ಹಣ್ಣು ರಾಮನಿಂದ ತಿನ್ನಲ್ಪಟ್ಟಿತು. ಸುಮ್ನೆ ತಿರುಗಿಸಿ ಬರೆಯುವ ಲೆಕ್ಕ ಅಂದುಕೊಂಡಿದ್ದೆ. 'ಡ್ರೌನ್ಡ್' ಅಂದರೆ ಮನೆ ತಾನಾಗಿ ಮುಳುಗಿತು. 'ವಾಸ್ ಡ್ರೌನ್ಡ್' ಅಂದರೆ ಯಾರೋ ಮುಳುಗಿಸಿದರು. ನಡುವೆ ಇರುವುದು ಮೂರಕ್ಷರದ ಒಂದು ಪದ. ಆ ಪದ ಬರೆದರೆ ಮುಂದೆ 'ಬೈ', ಅಂದರೆ ಯಾರಿಂದ, ಅನ್ನುವ ಪ್ರಶ್ನೆ ಬರುತ್ತದೆ.

ಆ ಶನಿವಾರ ಊರಿಗೆ ಹೋದವಳೇ ಅಜ್ಜನ ಹತ್ತಿರ ಜಗುಲಿಯಲ್ಲಿ ಕೂತೆ. "ಅಜ್ಜ, ನಮ್ಮ ಮನೆ ಯಾರು ಮುಳುಗಿಸಿದ್ದು?" ಅಂತ ಕೇಳಿದೆ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಕೈ ನಿಂತಿತು. "ಎಂತಕ್ಕೆ ಮಗಾ ಈಗ ಅದು?" ಅಂದ. ಕಾಲೇಜಿಗೆ ಬರೆಯಬೇಕು ಅಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಶುರು ಮಾಡಿದವನು ದೀಪ ಹಚ್ಚುವ ತನಕ ನಿಲ್ಲಿಸಲಿಲ್ಲ.

ಆಫೀಸಿನವರು ಬಂದು ಅಳತೆ ಮಾಡಿದ್ದು. ಮರ ಎಣಿಸಿ ಬರೆದುಕೊಂಡದ್ದು. ಮನೆಯ ಹಂಚನ್ನು ತಾವೇ ಇಳಿಸಿದ್ದು, ಬಾಗಿಲು ದಾರಂದ ಕಿತ್ತು ಗಾಡಿಗೆ ಹೇರಿದ್ದು. ಫಸಲು ಬರುತ್ತಿದ್ದ ತೋಟವನ್ನು ಮಾತ್ರ ಹಾಗೇ ಬಿಟ್ಟದ್ದು. "ನೀರು ಒಂದೇ ಸಲ ಬಂದಿದ್ರೆ ಆಗ್ತಿತ್ತು. ನಿಧಾನ ಬಂತು. ದಿನಾ ಇಷ್ಟಿಷ್ಟು" ಅಂತ ಅಜ್ಜ ಗೇಣು ತೋರಿಸಿದ. ಗುಡ್ಡದ ಮೇಲಿನ ಹೊಸ ಜಾಗದಿಂದ ನೋಡಿದರೆ ಅಡಿಕೆ ಮರದ ತಲೆ ನೀರಿನ ಮೇಲೆ ಕಾಣುತ್ತಿತ್ತಂತೆ. ಎಷ್ಟೋ ದಿನ ಹಸಿರಾಗೇ ಇತ್ತಂತೆ. ಕೊನೆಗೆ "ಯಾರು ಅಂತ ಹೇಳದು ಮಗಾ. ಕರೆಂಟಿಗೆ ಮಾಡಿದ್ರು. ನಾಡಿಗೆ ಬೇಕಿತ್ತು. ನಮಗೆ ಕೇಳ್ಲಿಲ್ಲ, ಅಷ್ಟೇ" ಅಂದ.

ಸೋಮವಾರ ಲೈಬ್ರರಿಯಲ್ಲಿ ಕೂತು ಹುಡುಕಿದೆ. ಎಷ್ಟು ಕರೆಂಟು ಅಂತ ಮೇಡಂ ಕೇಳುತ್ತಾರೆ ಅಂತ ಗೊತ್ತಿತ್ತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಎಡಗಡೆ ಪುಟದಲ್ಲಿ ಮತ್ತೆ ಬರೆದೆ. 'ದಿ ಹೌಸ್ ವಾಸ್ ಡ್ರೌನ್ಡ್ ಬೈ ದಿ ಗವರ್ನ್‌ಮೆಂಟ್, ಫಾರ್ ಎಲೆಕ್ಟ್ರಿಸಿಟಿ.' ಅದರ ಕೆಳಗೆ ಅಂಕಿ. ಅದರ ಕೆಳಗೆ, ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಂತ ಒಂದು ವಾಕ್ಯ. ಅದನ್ನು ಕ್ಲಾಸಿನಲ್ಲಿ ಓದಿಸಿದರು. ನನ್ನ ಧ್ವನಿ ನಡುಗುತ್ತಿತ್ತು. ಓದಿ ಮುಗಿಸಿದಾಗ ಸಾಗರ ಪೇಟೆಯ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು. "ನಮ್ಮನೆ ಕರೆಂಟು ಅಲ್ಲಿಂದಾನಾ ಬರೋದು?" ಮೇಡಂ ಉತ್ತರ ಕೊಡಲಿಲ್ಲ. ಮುಂದಿನ ವಾರ ಅದೇ ವಿಷಯದ ಮೇಲೆ ಬರಿ ಅಂತ ಅವಳಿಗೆ ಹೇಳಿದರು.

ನಾನೀಗ ಶಿವಮೊಗ್ಗದಲ್ಲಿ ವಕೀಲಿ ಮಾಡುತ್ತೇನೆ. ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಕಾಗದಗಳು ನನ್ನ ಮೇಜಿನ ಮೇಲೂ ಬರುತ್ತವೆ. ಅಷ್ಟು ವರ್ಷವಾದರೂ ಅದು ಮುಗಿದಿಲ್ಲ. ಇಂಗ್ಲಿಷಿನಲ್ಲಿ ಅರ್ಜಿ ಬರೆಯುವಾಗ 'ಆಯ್ತು' ಅನ್ನುವ ಜಾಗ ಬಂದರೆ ಕೈ ತಾನಾಗಿ ನಿಲ್ಲುತ್ತದೆ. ಯಾರು, ಯಾವಾಗ, ಯಾವ ಆದೇಶದಿಂದ ಅಂತ ಹುಡುಕಿ ಬರೆದ ಮೇಲೇ ಮುಂದಿನ ಸಾಲು.

2025ರ ಜುಲೈ 14ಕ್ಕೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆಯ ಉದ್ಘಾಟನೆ ಆಯಿತು. 2.44 ಕಿಲೋಮೀಟರ್. ನೋಟ್‌ಬುಕ್ ತರಲು ಹೋದಾಗ ಅದರ ಮೇಲೇ ಹೋದೆ. ಕೆಲವೇ ನಿಮಿಷ. ಓಡುವ ಅಗತ್ಯವೇ ಇಲ್ಲ. ಊರಿನ ಹೆರಿಗೆ, ಹಾವು ಕಡಿತ, ರಾತ್ರಿಯ ಎದೆನೋವು ಎಲ್ಲ ದಡದಲ್ಲಿ ಕಾದು ಕೂರುತ್ತಿದ್ದ ಕಾಲ ಮುಗಿಯಿತಲ್ಲ ಅಂತ ಕಣ್ಣು ತುಂಬಿತು.

ಅಜ್ಜ ಈಗಿಲ್ಲ. ಆ ಪುಟವನ್ನು ನಾನು ಅವನಿಗೆ ಓದಿ ಹೇಳಿದ್ದೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಎರಡನ್ನೂ ಒಂದೇ ಗಮನದಿಂದ ಕೇಳಿದ. ಎಲ್ಲ ಸರಿ ಅಂದ. ಎಲೆ ಮಡಚಿ ಬಾಯಿಗಿಟ್ಟುಕೊಂಡ ಮೇಲೆ, "ಬಾವಿ ಬರೀಲಿಲ್ಲ ನೀನು" ಅಂದ.

ಬಾವಿಯ ಕತೆಯನ್ನೂ ಹೇಳಿದ. ಅಷ್ಟರಲ್ಲಿ ಪರೀಕ್ಷೆ ಬಂತು, ಬರೆಯುವುದು ಉಳಿಯಿತು. ನೋಟ್‌ಬುಕ್ಕಿನ ಕೊನೆಯ ಎಡಗಡೆ ಪುಟ ಇಷ್ಟು ವರ್ಷ ಖಾಲಿಯೇ ಇತ್ತು. ಹೋದ ಭಾನುವಾರ ಅದರಲ್ಲಿ ಬರೆದೆ, ಇಂಗ್ಲಿಷಿನಲ್ಲೇ. 'ಕಟ್ಟೆ' ಅನ್ನುವ ಪದವನ್ನು ಹಾಗೇ ಇಟ್ಟು ಮುಂದಿನ ವಾಕ್ಯದಲ್ಲಿ ಅದೇನು ಅಂತ ಹೇಳಿದ್ದೇನೆ. ಬಾವಿ ಮನೆಯ ಮೂಡಣಕ್ಕಿತ್ತು. ತೋಡಿಸಿದ್ದು ಅಜ್ಜನ ಅಪ್ಪ. ಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು ಒಂದು ಬೆರಳು ಆಳ. ಮನೆ ಬಿಟ್ಟ ದಿನ ಎಲ್ಲರೂ ಗಾಡಿಯ ಹಿಂದೆ ಹೊರಟರೆ ಅಜ್ಜಿ ಒಬ್ಬಳೇ ವಾಪಸ್ ಹೋಗಿ, ಒಂದು ಕೊಡ ನೀರು ಸೇದಿ, ಸೊಂಟದ ಮೇಲಿಟ್ಟುಕೊಂಡು ಗುಡ್ಡದ ತನಕ ನಡೆದಳು. ಆ ತಾಮ್ರದ ಕೊಡ ನಮ್ಮ ಮನೆಯ ಬಚ್ಚಲಿನಲ್ಲಿ ಈಗಲೂ ಇದೆ.